ಹಿತ್ತಾಳೆ ಪಿಚಕಾರಿ ಮತ್ತು ತಗಡಿನ ಕ್ಯಾನು: ನನ್ನ ಅನುಭವ

ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿದರೆ ನಾನು ಈಗಲೂ ಕೈಗೆತ್ತಿಕೊಳ್ಳುವುದು ಹಿತ್ತಾಳೆಯ ಪಿಚಕಾರಿಯನ್ನೇ. ಒಂದು ಕೊಳವೆ, ಒಳಗೆ ದಂಡ, ದಂಡದ ತುದಿಗೆ ಚರ್ಮದ ವಾಷರ್, ಮುಂದೆ ಸಣ್ಣ ತೂತಿನ ಮೂತಿ, ಬಕೆಟ್‌ಗೆ ಇಳಿಬಿಡಲು ರಬ್ಬರ್ ಪೈಪು. ಹಿಡಿ ಎಳೆದರೆ ನೀರು ಒಳಗೆ ಬರುತ್ತದೆ, ತಳ್ಳಿದರೆ ಹೊರಗೆ ಚಿಮ್ಮುತ್ತದೆ. ಬಂದ ನೀರು ವಾಪಸ್ ಬಕೆಟ್‌ಗೆ ಹೋಗದಂತೆ ಬುಡದಲ್ಲಿ ಒಂದು ಗುಂಡು ತಡೆಯುತ್ತದೆ. ಅಷ್ಟೇ.

ಇದರ ಜೀವ ಇರುವುದು ಆ ವಾಷರ್‌ನಲ್ಲಿ. ಅಟ್ಟದಲ್ಲಿ ಬಿದ್ದಿದ್ದ ಪಿಚಕಾರಿ ಎಳೆದಾಗ ಬರೀ ಗಾಳಿ ಬಂದರೆ, ಹಾಳಾಗಿದೆ ಎಂದು ಗುಜರಿಗೆ ಹಾಕಬೇಡಿ. ಚರ್ಮ ಒಣಗಿ ಕುಗ್ಗಿರುತ್ತದೆ. ನಾನು ದಂಡ ಬಿಚ್ಚಿ, ವಾಷರನ್ನು ಒಂದು ರಾತ್ರಿ ಹರಳೆಣ್ಣೆಯಲ್ಲಿ ನೆನೆಹಾಕುತ್ತೇನೆ. ಬೆಳಿಗ್ಗೆ ಅದು ಮೆತ್ತಗಾಗಿರುತ್ತದೆ. ಆಮೇಲೆ ಬಟ್ಟಲಿನಂಥ ಅದರ ಅಂಚನ್ನು ಬೆರಳಿನಿಂದ ಸುತ್ತಲೂ ಸ್ವಲ್ಪ ಹೊರಕ್ಕೆ ಅಗಲಿಸಿ, ಬಾಯಿ ನೀರಿನ ಕಡೆ ಬರುವಂತೆ ಕೂರಿಸುತ್ತೇನೆ. ದಂಡ ತಳ್ಳಿದಾಗ ನೀರಿನ ಒತ್ತಡಕ್ಕೇ ಅಂಚು ಅರಳಿ ಕೊಳವೆಗೆ ಅಂಟಿಕೊಳ್ಳುತ್ತದೆ. ತಿರುಗುಮುರುಗಾಗಿ ಕೂರಿಸಿದರೆ ಎಷ್ಟು ತಳ್ಳಿದರೂ ಒತ್ತಡ ಬರುವುದಿಲ್ಲ. ಚರ್ಮ ಪೂರ್ತಿ ಸವೆದಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ಅದೇ ಅಳತೆಗೆ ಹೊಸದು ಕತ್ತರಿಸಿಕೊಳ್ಳಬಹುದು. ಮೂತಿ ಕಟ್ಟಿಕೊಂಡರೆ ತೆಂಗಿನ ಗರಿಯ ಕಡ್ಡಿ ಸಾಕು. ಪಿನ್ನು, ಮೊಳೆ ಬೇಡವೇ ಬೇಡ. ತೂತು ದೊಡ್ಡದಾದರೆ ತುಂತುರು ಹೋಗಿ ಧಾರೆ ಬರಲು ಶುರುವಾಗುತ್ತದೆ.

ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಹಾಕುತ್ತೇನೆ. ಮೊದಲು ಎಣ್ಣೆಗೆ ಸ್ವಲ್ಪ ಸೋಪಿನ ನೀರು ಸೇರಿಸಿ ಹಾಲಿನ ಹಾಗೆ ಬೆಳ್ಳಗಾಗುವವರೆಗೆ ಕಲಕಿ, ಆಮೇಲೆ ಉಳಿದ ನೀರು. ಸಂಜೆ ಬಿಸಿಲು ಇಳಿದ ಮೇಲೆ, ಎಲೆಯ ಅಡಿಭಾಗಕ್ಕೇ ಗುರಿಯಿಟ್ಟು ಹೊಡೆಯಬೇಕು. ತಿಗಣೆ, ಬಿಳಿ ನೊಣ ಎಲ್ಲ ಕೂರುವುದು ಅಲ್ಲೇ ಅಲ್ವಾ? ಬೇಸಿಗೆಯಲ್ಲಿ ಅಲಸಂದೆಗೆ ನುಸಿ ಬಂದಾಗ ಎಷ್ಟೋ ಸಲ ಬರೀ ನೀರನ್ನೇ ಜೋರಾಗಿ ಹೊಡೆದು ತೊಳೆಯುತ್ತೇನೆ. ಒಂದು ಕೈಯಲ್ಲಿ ಎಲೆ ತಿರುಗಿಸಿ ಹಿಡಿಯಲು ಮನೆಯಲ್ಲಿ ಯಾರಾದರೂ ಜೊತೆಗಿದ್ದರೆ ಕೆಲಸ ಬೇಗ ಮುಗಿಯುತ್ತದೆ.

ಅಡಿಕೆ ಸೀಮೆಯವರಿಗೆ ಮದ್ದು ಹೊಡೆಯುವುದು ಹೊಸದೇನಲ್ಲ. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಅಡಿಕೆಯ ಕೊಳೆರೋಗದ ಬಗ್ಗೆ ಬರೆದು, ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಮದ್ದು, ಹೊಡೆಯುವುದನ್ನು ಬಳಕೆಗೆ ತಂದವರು. ಹಿತ್ತಿಲ ವೀಳ್ಯದ ಬಳ್ಳಿಗೆ ನಾನು ಮಾಡಿಕೊಳ್ಳುವುದೂ ಅದೇ ದ್ರಾವಣ, ಲೆಕ್ಕ ಶೇಕಡಾ 1ರದ್ದು: 10 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತೇನೆ. ಉಜ್ಜಿ ತೊಳೆದ ಕಬ್ಬಿಣದ ಚಾಕು ಅದ್ದಿ ನೋಡಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಬಟ್ಟೆಯಲ್ಲಿ ಸೋಸಿ, ಅವತ್ತೇ ಹೊಡೆದು ಮುಗಿಸಬೇಕು.

ನೀರು ಹಾಕಲು ಜಿಂಕ್ ತಗಡಿನ ಕ್ಯಾನು. ಅದರೊಳಗೆ ಮಾತ್ರ ಮೈಲುತುತ್ತ ಹಾಕಲೇಬಾರದು, ತಗಡಿನ ಜಿಂಕನ್ನು ತುತ್ತ ತಿಂದುಬಿಡುತ್ತದೆ. ಸಸಿಮಡಿಗೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಜರಡಿ ಮೂತಿಯ ಮುಖ ಮೇಲಕ್ಕಿರಲಿ. ನೀರು ಮೇಲೆ ಹೋಗಿ ಸಣ್ಣ ಮಳೆಯ ಹಾಗೆ ಬೀಳುತ್ತದೆ, ಮೊನ್ನೆ ಮೊಳೆತ ಹರಿವೆಯೂ ಮಲಗುವುದಿಲ್ಲ. ಬಗ್ಗಿಸಿದ ಕೂಡಲೇ ದಪ್ಪ ಹನಿ ಬೀಳುವುದರಿಂದ ಮಡಿಯ ಹೊರಗೆ ಸುರಿಯಲು ಶುರುಮಾಡಿ, ಆಮೇಲೆ ಸಸಿಗಳ ಮೇಲೆ ಸಾಗಿ, ಮತ್ತೆ ಹೊರಗೇ ನಿಲ್ಲಿಸುತ್ತೇನೆ. ಪೈಪಿನ ನೀರು ಇಷ್ಟು ಹೇಳಿದ ಮಾತು ಕೇಳುವುದಿಲ್ಲ. ಒಂದು ಕೈಗೆ ತುಂಬಿದ ಕ್ಯಾನು ಹೊರುವ ಬದಲು ಎರಡು ಕೈಗೆ ಎರಡು ಅರ್ಧ ಕ್ಯಾನು ಹೊತ್ತರೆ ಸೊಂಟಕ್ಕೆ ಆರಾಮ.

ಕೆಲಸ ಮುಗಿದ ಮೇಲೆ ಪಿಚಕಾರಿಯಲ್ಲಿ ಒಳ್ಳೆಯ ನೀರು ಎಳೆದು ತಳ್ಳಿ ತೊಳೆದು, ದಂಡಕ್ಕೆ ಎರಡು ತೊಟ್ಟು ಎಣ್ಣೆ ಬಿಟ್ಟು, ಮೂತಿ ಕೆಳಗೆ ಮಾಡಿ ನೇತುಹಾಕುತ್ತೇನೆ. ಕ್ಯಾನನ್ನು ಬೋರಲು ಹಾಕಿಡುತ್ತೇನೆ. ತಳದಲ್ಲಿ ನೀರು ನಿಂತರೆ ತುಕ್ಕು ಶುರುವಾಗುವುದು ಅಲ್ಲಿಂದಲೇ.