ಕಣ್ಣಿನ ಕ್ಲಿನಿಕ್‌ನಲ್ಲಿ ಫೋನ್ ಎತ್ತುವವರಿಗೆ ತರಬೇತಿ ಕೊಡುವುದು ಹೇಗೆ?

ಡಾಕ್ಟರಿಗಿಂತ ಮೊದಲು ರೋಗಿಯ ಕಷ್ಟ ಕೇಳುವವರು ರಿಸೆಪ್ಷನ್‌ನಲ್ಲಿ ಫೋನ್ ಎತ್ತುವವರು. 'ಇವತ್ತು ಫುಲ್ ಆಗಿದೆ, ಗುರುವಾರ ಬನ್ನಿ' ಎಂಬ ಒಂದು ಮಾತಿಗೆ ಕಣ್ಣೇ ಹೋಗಬಹುದು. ಹಾಗಾಗಿ ಟೋಕನ್ ಹಾಕುವುದನ್ನು ಆಮೇಲೆ ಕಲಿಸಿ. ಕೇಳಿಸಿಕೊಳ್ಳುವುದನ್ನು ಮೊದಲು ಕಲಿಸಿ.

1. ಜನರ ಮಾತನ್ನೇ ಬರೆದಿಡಿ

'ನನ್ನ ರೆಟಿನಾ (ಕಣ್ಣಿನ ಒಳಗೆ ಹಿಂದಿರುವ, ಬೆಳಕು ಹಿಡಿಯುವ ಪದರ) ಕಳಚಿದೆ' ಎಂದು ಯಾರೂ ಫೋನ್ ಮಾಡುವುದಿಲ್ಲ. 'ಸೊಳ್ಳೆ ಹಾರಿದ ಹಾಗೆ ಕಾಣ್ತಿದೆ', 'ಮಿಂಚು ಹೊಡೀತಿದೆ', 'ಒಂದು ಕಡೆಯಿಂದ ಪರದೆ ಬಿದ್ದಂಗಿದೆ' ಅನ್ನುತ್ತಾರೆ. ಇಂಥ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಪಕ್ಕದಲ್ಲಿ ಅದು ಯಾವ ತೊಂದರೆ ಇರಬಹುದು, ಎಷ್ಟು ಬೇಗ ಕರೆಸಬೇಕು ಎಂದು ಡಾಕ್ಟರೇ ಕೂತು ಬರೆಸಲಿ. ಇದು ಸಿಬ್ಬಂದಿಗೆ ದಾರಿ ತೋರಿಸಲು ಮಾತ್ರ. 'ಅದು ಬರೀ ಮದ್ರಾಸ್ ಐ, ಮೆಡಿಕಲ್ ಶಾಪ್‌ನಲ್ಲಿ ಡ್ರಾಪ್ಸ್ ತಗೊಳ್ಳಿ' ಎಂದು ಫೋನಿನಲ್ಲಿ ಹೇಳಲೇಬಾರದು. ಕಣ್ಣಿನ ಕರಿಗುಡ್ಡೆಯಲ್ಲಿ ಹುಣ್ಣಾಗಿದ್ದವರು ಗೊತ್ತಿಲ್ಲದೆ ಸ್ಟಿರಾಯ್ಡ್ ಡ್ರಾಪ್ಸ್ ಹಾಕಿಕೊಂಡರೆ ಹುಣ್ಣು ಜಾಸ್ತಿಯಾಗಬಹುದು.

2. ಹೆಸರು ಕೇಳುವ ಮೊದಲು ಇವನ್ನು ಕೇಳಿಸಿ

ಯಾವಾಗಿಂದ ಹೀಗಿದೆ? ದೃಷ್ಟಿ ಕಮ್ಮಿ ಆಗಿದೆಯಾ? ನೋವಿದೆಯಾ? ಕಣ್ಣಿಗೆ ಏನಾದರೂ ಬಿತ್ತಾ, ಪೆಟ್ಟಾಯಿತಾ? ಇತ್ತೀಚೆಗೆ ಆಪರೇಷನ್ ಆಗಿದೆಯಾ? ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೀರಾ?

ಉತ್ತರ ನೋಡಿಕೊಂಡು 'ಈಗಲೇ', 'ಇವತ್ತೇ', 'ಸರದಿಯಲ್ಲಿ' ಎಂದು ಮೂರು ಭಾಗ ಮಾಡಲಿ.

ಇದ್ದಕ್ಕಿದ್ದಂತೆ ದೃಷ್ಟಿ ಹೋದರೆ ಈಗಲೇ ಬರಬೇಕು. 'ನೋವಿಲ್ಲವಲ್ಲ, ಅರ್ಜೆಂಟ್ ಇರಲಿಕ್ಕಿಲ್ಲ' ಎಂದು ಹೊಸಬರು ಅಂದುಕೊಳ್ಳುತ್ತಾರೆ. ರೆಟಿನಾಗೆ ಹೋಗುವ ರಕ್ತನಾಳ ಕಟ್ಟಿಕೊಂಡರೆ ನೋವೇ ಇರುವುದಿಲ್ಲ, ಆದರೆ ಕೈಯಲ್ಲಿರುವುದು ಕೆಲವೇ ಗಂಟೆ. ಜೊತೆಗೆ ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು, 108ಕ್ಕೆ ಕರೆ ಮಾಡಿಸಿ. ಕಣ್ಣು ಕೆಂಪಗಾಗಿ ವಿಪರೀತ ನೋವು, ವಾಂತಿ, ಲೈಟಿನ ಸುತ್ತ ಬಣ್ಣದ ಬಳೆ ಕಂಡರೆ ಕಣ್ಣಿನ ಒತ್ತಡ ಏರಿರಬಹುದು. ತಲೆನೋವು, ಪಿತ್ತ ಎಂದು ಮನೆಯವರು ಸುಮ್ನೆ ಮಲಗಿಸಿರುತ್ತಾರೆ. ಇದೂ ಈಗಲೇ.

ಹೊಸದಾಗಿ ಮಿಂಚು, ಕಪ್ಪು ಚುಕ್ಕೆ ಕಂಡರೆ, ಪೊರೆ ಆಪರೇಷನ್ ಆದ ಮೇಲೆ ನೋವು ಅಥವಾ ಮಂಜು ಹೆಚ್ಚಾದರೆ, ಲೆನ್ಸ್ ಹಾಕುವವರ ಕಣ್ಣು ಕೆಂಪಾದರೆ, ಕಣ್ಣಿಗೆ ಭತ್ತದ ಹೊಟ್ಟು ಬಡಿದಿದ್ದರೆ ಇವತ್ತೇ. ಕನ್ನಡಕದ ಪವರ್, ನಿಧಾನವಾಗಿ ಬಲಿಯುವ ಪೊರೆ ಸರದಿಯಲ್ಲಿ ಬರಲಿ.

3. ಫೋನಿನಲ್ಲೇ ಮಾಡಿಸಬೇಕಾದ್ದು

'ಮೇಡಂ, ಮಗು ಸುಣ್ಣದ ಪ್ಯಾಕೆಟ್ ಹಿಚುಕಿ ಕಣ್ಣಿಗೆ ಬಿದ್ದುಬಿಟ್ಟಿದೆ!'

'ಮೊದಲು ನಲ್ಲಿ ಹತ್ರ ಕರ್ಕೊಂಡು ಹೋಗಮ್ಮ. ರೆಪ್ಪೆ ಬಿಡಿಸಿ ನೀರು ಬಿಡ್ತಾನೇ ಇರಿ. ಫೋನ್ ಸ್ಪೀಕರ್‌ಗೆ ಹಾಕಿ, ನಾನು ಲೈನಲ್ಲೇ ಇರ್ತೀನಿ.'

ಈ ಉತ್ತರ ಬಾಯಿಪಾಠ ಆಗಿರಬೇಕು. ಸುಣ್ಣ ಒಳಗೊಳಗೇ ಸುಡುತ್ತಾ ಹೋಗುತ್ತದೆ. ಹೊರಡುವ ಮೊದಲು ಕನಿಷ್ಠ 15 ನಿಮಿಷ, ಸಾಧ್ಯವಾದರೆ 30 ನಿಮಿಷ ತೊಳೆಯಲಿ. ತೊಳೆದ ಮೇಲೆ ಆರಾಮ ಅನ್ನಿಸಿದರೂ ಬರಲೇಬೇಕು. ರೆಪ್ಪೆಯ ಅಡಿಯಲ್ಲಿ ಚೂರು ಉಳಿದಿರಬಹುದು.

ಕಣ್ಣಿಗೆ ಏನಾದರೂ ಚುಚ್ಚಿದ್ದರೆ ಇದಕ್ಕೆ ಪೂರ್ತಿ ಉಲ್ಟಾ. ತೊಳೆಯಬಾರದು, ಕೀಳಬಾರದು, ಒತ್ತಬಾರದು. ಪೇಪರ್ ಕಪ್ಪನ್ನು ಕಣ್ಣಿಗೆ ತಾಗದ ಹಾಗೆ ಮೇಲೆ ಮುಚ್ಚಿಕೊಂಡು ಬರಲಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ಏನೂ ತಿನ್ನಿಸಬಾರದು.

4. ದುಡ್ಡಿನ ಮಾತು

ತುರ್ತು ಕರೆಯಲ್ಲಿ ದುಡ್ಡಿನ ಮಾತೇ ಬೇಡ. ಉಳಿದ ಕರೆಗಳಿಗೆ ರೇಟಿನ ಪಟ್ಟಿ ಕೈಯಲ್ಲಿರಲಿ: ಕನ್ಸಲ್ಟೇಷನ್ ಎಷ್ಟು, ಸ್ಕ್ಯಾನ್‌ಗೆ ಬೇರೆ ಎಷ್ಟು, ಮತ್ತೆ ತೋರಿಸಲು ಎಷ್ಟು ದಿನ ಫೀಸ್ ಇಲ್ಲ. ಪೊರೆ ಆಪರೇಷನ್ ಖರ್ಚು ಕಣ್ಣಿನೊಳಗೆ ಕೂರಿಸುವ ಲೆನ್ಸಿನ ಮೇಲೆ ಹೋಗುತ್ತದೆ. 'ಇಷ್ಟರಿಂದ ಇಷ್ಟು, ಇದರಲ್ಲಿ ಇದಿದು ಸೇರಿದೆ' ಎಂದು ಹೇಳಲಿ.

'ಇನ್ಶೂರೆನ್ಸ್ ಕ್ಲೇಮ್ ಆಗುತ್ತೆ' ಎಂದು ಮಾತ್ರ ಮಾತು ಕೊಡಬಾರದು. ಎಷ್ಟೋ ಪಾಲಿಸಿಗಳಲ್ಲಿ ಮೊದಲ 2 ವರ್ಷ ಪೊರೆ ಆಪರೇಷನ್‌ಗೆ ದುಡ್ಡು ಸಿಗುವುದಿಲ್ಲ. 'ಪಾಲಿಸಿ ಕಾರ್ಡ್ ತನ್ನಿ, ಕಂಪನಿಯನ್ನು ಕೇಳಿ ಹೇಳುತ್ತೇವೆ' ಅಂದರೆ ಸಾಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ನಿಮ್ಮ ಕ್ಲಿನಿಕ್ ಅದರ ಪಟ್ಟಿಯಲ್ಲಿದೆಯೋ ಇಲ್ಲವೋ ಎಂಬುದು ಫೋನ್ ಎತ್ತುವವರಿಗೆ ಗೊತ್ತಿರಬೇಕು. ಇಲ್ಲದಿದ್ದರೆ ಪಾಪ, ಹಳ್ಳಿಯಿಂದ ಬಂದವರು ಬಸ್ ಚಾರ್ಜ್ ಕಳೆದುಕೊಂಡು ವಾಪಸ್ ಹೋಗಬೇಕು.

ಪರೀಕ್ಷೆಗೆಂದು ಪಾಪೆ ಹಿಗ್ಗಿಸುವ ಡ್ರಾಪ್ಸ್ ಬಿಟ್ಟರೆ ಕೆಲವು ಗಂಟೆ ಮಂಜಾಗಿರುತ್ತದೆ, ಬೈಕ್ ಓಡಿಸಬೇಡಿ, ಜೊತೆಗೆ ಒಬ್ಬರು ಬನ್ನಿ ಎಂದೂ ಆಗಲೇ ಹೇಳಲಿ.

5. ಸುಳ್ಳು ಕರೆ ಮಾಡಿ ನೋಡಿ

ಜನ ತುಂಬಿರುವ ಹೊತ್ತಿನಲ್ಲೇ ಡಾಕ್ಟರು ಬೇರೆ ನಂಬರಿನಿಂದ ರೋಗಿಯ ಹಾಗೆ ಫೋನ್ ಮಾಡಲಿ. ದೀಪಾವಳಿಗೆ ಮುಂಚೆ ಇದನ್ನು ತಪ್ಪಿಸಬೇಡಿ. ಪಟಾಕಿ ಗಾಯದ ಕರೆಗಳು ಕ್ಲಿನಿಕ್ ಮುಚ್ಚಿದ ಮೇಲೆಯೇ ಬರುತ್ತವೆ. ರಾತ್ರಿ ಎಲ್ಲಿಗೆ ಹೋಗಬೇಕು ಎಂಬ ವಿಳಾಸ, ಬೆಂಗಳೂರಾದರೆ ಮಿಂಟೋ ಆಸ್ಪತ್ರೆಯದು, ಫೋನ್ ಪಕ್ಕದಲ್ಲೇ ಅಂಟಿಸಿರಲಿ.

ಅನುಮಾನ ಬಂದರೆ ಡಾಕ್ಟರ ಬಾಗಿಲು ತಟ್ಟಿ ಕೇಳಬಹುದು ಎಂದು ಸ್ಪಷ್ಟವಾಗಿ ಹೇಳಿಡಿ. ಅರ್ಜೆಂಟ್ ಎಂದು ಕರೆಸಿದವರಿಗೆ ಏನೂ ಆಗಿಲ್ಲದಿದ್ದರೂ ಸಿಬ್ಬಂದಿಯನ್ನು ಬೈಯಬೇಡಿ. ಒಮ್ಮೆ ಬೈಸಿಕೊಂಡವರು ಮುಂದಿನ ಸಲ ಬಾಗಿಲು ತಟ್ಟುವುದಿಲ್ಲ.