ರೈಲು ಇಳಿದು ಬೆಟ್ಟ ಹತ್ತಿ: ಡಾರ್ಬಿಶೈರ್‌ನಲ್ಲಿ ನನ್ನ ನಡಿಗೆ

ಇಂಗ್ಲೆಂಡಿನ ಶೆಫೀಲ್ಡ್‌ಗೆ ಬಂದ ಹೊಸದರಲ್ಲಿ ಪರಿಚಯದವರೆಲ್ಲ ಒಂದೇ ಮಾತು ಹೇಳುತ್ತಿದ್ದರು, ಪಕ್ಕದ ಡಾರ್ಬಿಶೈರ್ ಕೌಂಟಿಯ, ಅಂದರೆ ಜಿಲ್ಲೆಯ, ಬೆಟ್ಟಗಳನ್ನು ನೋಡಬೇಕಾದರೆ ಕಾರು ಬೇಕೇ ಬೇಕು ಅಂತ. ನನ್ನ ಹತ್ತಿರ ಕಾರು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೂ ಈ ಕೌಂಟಿಯ ಬೆಟ್ಟ, ಕಣಿವೆ, ಹೊಳೆದಂಡೆಗಳಲ್ಲಿ ವರ್ಷಗಳಿಂದ ನಡೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ಕಾರಿಲ್ಲದವರಿಗೇ ಇಲ್ಲಿ ಅನುಕೂಲ ಜಾಸ್ತಿ. ಕಾರಿನಲ್ಲಿ ಬಂದವರು ಎಲ್ಲಿ ಸುತ್ತಿದರೂ ಕೊನೆಗೆ ಕಾರು ನಿಲ್ಲಿಸಿದ ಜಾಗಕ್ಕೇ ಮರಳಬೇಕು. ರೈಲಿನಲ್ಲಿ ಬಂದವರು ಒಂದು ಊರಲ್ಲಿ ಇಳಿದು, ಬೆಟ್ಟ ದಾಟಿ, ಇನ್ನೊಂದು ಊರಲ್ಲಿ ರೈಲು ಹತ್ತಬಹುದು.

ಇದಕ್ಕೆ ಕಾರಣ ಹೋಪ್ ವ್ಯಾಲಿ ಲೈನ್. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವಿನ ಈ ಹಳಿಯಲ್ಲಿ 1894ರಿಂದ ಪ್ರಯಾಣಿಕರ ರೈಲು ಓಡುತ್ತಿದೆ. ಶೆಫೀಲ್ಡ್ ಬಿಟ್ಟ ಸ್ವಲ್ಪ ಹೊತ್ತಿಗೆ ಟಾಟ್ಲಿ ಸುರಂಗ ಬರುತ್ತದೆ, ಐದೂವರೆ ಕಿಲೋಮೀಟರಿಗಿಂತ ಉದ್ದ. ಅದರಿಂದ ಹೊರಬಂದರೆ ಗ್ರಿಂಡಲ್‌ಫೋರ್ಡ್. ಆಮೇಲೆ ಹ್ಯಾದರ್ಸೇಜ್, ಬ್ಯಾಮ್‌ಫರ್ಡ್, ಹೋಪ್, ಎಡೇಲ್. ಒಂದೊಂದು ಸ್ಟೇಷನ್ನಿನ ಬಾಗಿಲಲ್ಲೇ ಕಾಲುದಾರಿ ಶುರು. ಎಡೇಲ್‌ಗೆ ಅರ್ಧ ಗಂಟೆಯಷ್ಟು ಪ್ರಯಾಣ. ವೇಗದ ರೈಲುಗಳು ಈ ಚಿಕ್ಕ ಸ್ಟೇಷನ್ನುಗಳಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಹತ್ತುವ ಮುಂಚೆ ನೋಡಿಕೊಳ್ಳಬೇಕು.

ನಾನು ಹೊಸಬರನ್ನು ಮೊದಲು ಕರೆದುಕೊಂಡು ಹೋಗುವುದು ಎಡೇಲ್‌ನಿಂದ ಹೋಪ್‌ಗೆ. ಸುಮಾರು 11–12 ಕಿಲೋಮೀಟರ್, ಊಟ ತಿಂಡಿ ಸೇರಿಸಿ ಒಂದು ದಿನಕ್ಕೆ ಸರಿಯಾಗುತ್ತದೆ. ಎಡೇಲ್‌ನಿಂದ ಹೊಲಗಳ ಮಧ್ಯೆ ಹತ್ತಿದರೆ ಹಾಲಿನ್ಸ್ ಕ್ರಾಸ್ ಎಂಬ ಕಣಿವೆಬಾಯಿ. ಎಡೇಲ್‌ನಲ್ಲಿ ಚರ್ಚು ಇಲ್ಲದ ಕಾಲದಲ್ಲಿ ಶವಗಳನ್ನು ಇದೇ ದಾರಿಯಲ್ಲಿ ಹೊತ್ತು ಆಚೆ ಬದಿಯ ಕಾಸಲ್ಟನ್‌ಗೆ ಒಯ್ಯುತ್ತಿದ್ದರು. ಅಲ್ಲಿಂದ ಬಲಕ್ಕೆ ತಿರುಗಿ ಮಾಮ್ ಟಾರ್ ತುದಿಗೆ ಹೋಗುತ್ತೇವೆ, 517 ಮೀಟರ್. ಮತ್ತೆ ಅದೇ ದಾರಿಯಲ್ಲಿ ಹಿಂದೆ ಬಂದು, ಬೆಟ್ಟದ ಬೆನ್ನಿನ ಮೇಲೇ ಬ್ಯಾಕ್ ಟಾರ್ ದಾಟಿ ಲೂಸ್ ಹಿಲ್. ಅಲ್ಲಿಂದ ಇಳಿದರೆ ಹೋಪ್.

ಈ ಬೆನ್ನಿನ ಮೇಲೆ ನಿಂತಾಗ ನಾನು ತಪ್ಪದೆ ತೋರಿಸುವುದು ಎರಡು ಬದಿಯ ಬಣ್ಣವನ್ನು. ಉತ್ತರಕ್ಕೆ ಕಪ್ಪು ಮರಳುಗಲ್ಲಿನ ಬೋಳು ಬೆಟ್ಟಗಳು, ಇದು ಡಾರ್ಕ್ ಪೀಕ್. ದಕ್ಷಿಣಕ್ಕೆ ಸುಣ್ಣಕಲ್ಲಿನ ಹಸಿರು ದಿಬ್ಬಗಳು, ಅದು ವೈಟ್ ಪೀಕ್. ಕೆಳಗೆ ಕಣಿವೆಯಲ್ಲಿ ಒಂದು ಸಿಮೆಂಟ್ ಕಾರ್ಖಾನೆಯ ಚಿಮಣಿ ಎದ್ದು ಕಾಣುತ್ತದೆ. ಬಂದವರಿಗೆಲ್ಲ ಬೇಜಾರು, ಇಷ್ಟು ಚಂದದ ಜಾಗದಲ್ಲಿ ಇದ್ಯಾಕೆ ಅಂತ. ಸಿಮೆಂಟಿಗೆ ಸುಣ್ಣಕಲ್ಲೂ ಬೇಕು, ಜೇಡಿಯ ಶೇಲ್ ಕಲ್ಲೂ ಬೇಕು. ಎರಡೂ ಒಟ್ಟಿಗೆ ಸಿಗುವುದು ಇಲ್ಲೇ. ಮಾಮ್ ಟಾರ್‌ನ ಒಂದು ಪಕ್ಕ ಕುಸಿಯುತ್ತಲೇ ಇರುವುದಕ್ಕೂ ಅದೇ ಶೇಲ್ ಕಾರಣ. ಮೇಲೆ ಗಟ್ಟಿ ಮರಳುಗಲ್ಲು, ಅಡಿಯಲ್ಲಿ ಸಡಿಲ ಶೇಲ್, ನೀರು ಇಳಿದಾಗ ಜಾರುತ್ತದೆ. ಅದರ ಬುಡದಲ್ಲಿದ್ದ ಮುಖ್ಯ ರಸ್ತೆಯನ್ನು ಎಷ್ಟು ಸಲ ರಿಪೇರಿ ಮಾಡಿದರೂ ನಿಲ್ಲದೆ, 1979ರಲ್ಲಿ ಕೈಬಿಟ್ಟರು. ಒಡೆದು ಬಾಯಿಬಿಟ್ಟ ಆ ಡಾಂಬರಿನ ಮೇಲೆ ಈಗಲೂ ನಡೆದು ನೋಡಬಹುದು.

ಲೂಸ್ ಹಿಲ್ ಮೇಲೆ ಒಂದು ಹೊತ್ತು ಕೂರಬೇಕು. ಶೆಫೀಲ್ಡ್‌ನ ಜಿ. ಎಚ್. ಬಿ. ವಾರ್ಡ್ 1900ರಲ್ಲಿ ದುಡಿಯುವ ಜನರ ನಡಿಗೆ ಸಂಘ ಕಟ್ಟಿದವರು. ಅವರ ಗೌರವಕ್ಕೆ 1945ರಲ್ಲಿ ನಡಿಗೆಯವರೆಲ್ಲ ಸೇರಿ ಈ ಬೆಟ್ಟದ ಒಂದು ಭಾಗವನ್ನು ಕೊಂಡು ಅವರಿಗೇ ಕೊಟ್ಟರು. ಅವರು ಅದನ್ನು ಎಲ್ಲರಿಗೂ ಇರಲೆಂದು ಇಂಥ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಒಪ್ಪಿಸಿದರು.

ಇದನ್ನು ಹೇಳೋಕೆ ಕಾರಣ ಇದೆ. ಊರಿನಲ್ಲಿ ನಾನು ಕುದುರೆಮುಖ, ಕುಮಾರ ಪರ್ವತ ಹತ್ತಿದವನು. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು, ಮುಂಚೆಯೇ ಬುಕ್ ಮಾಡಬೇಕು. ಇಲ್ಲಿ ರೈತನ ಹುಲ್ಲುಗಾವಲಿನ ಮಧ್ಯೆ, ಮನೆಯಂಗಳದ ಪಕ್ಕದಲ್ಲೇ ದಾರಿ ಹೋಗುತ್ತದೆ. ಯಾರನ್ನೂ ಕೇಳಬೇಕಿಲ್ಲ. 'ಪಬ್ಲಿಕ್ ಫುಟ್‌ಪಾತ್' ಎಂದು ಫಲಕ ಇದ್ದರೆ ನಡೆಯುವುದು ಕಾನೂನಿನ ಹಕ್ಕು. ಕಲ್ಲುಗೋಡೆ ಅಡ್ಡ ಬಂದರೆ ದಾಟೋಕೆ ತಡಮೆ ಇರುತ್ತದೆ. ನಾವು ಮಾಡಬೇಕಾದದ್ದು ಇಷ್ಟೇ. ಗೇಟು ಹೇಗಿತ್ತೋ ಹಾಗೇ ಬಿಡುವುದು, ಕುರಿಗಳನ್ನು ಬೆದರಿಸದಿರುವುದು. ಏಪ್ರಿಲ್, ಮೇ ತಿಂಗಳಲ್ಲಿ ಮರಿಗಳು ಇರುವಾಗ ಇನ್ನಷ್ಟು ದೂರ ಇರಬೇಕು.

ಆದರೆ ಬೋಳು ಬೆಟ್ಟಗಳ ಮೇಲೆ ಓಡಾಡುವ ಹಕ್ಕು ಸುಮ್ನೆ ಸಿಕ್ಕಿದ್ದಲ್ಲ. ಎಡೇಲ್‌ನ ನೆತ್ತಿಯ ಮೇಲಿರುವ ಕಿಂಡರ್ ಸ್ಕೌಟ್, 636 ಮೀಟರ್, ಈ ಕೌಂಟಿಯ ಅತಿ ಎತ್ತರದ ಜಾಗ. ಒಂದು ಕಾಲದಲ್ಲಿ ಅದು ಜಮೀನ್ದಾರರ ಗ್ರೌಸ್ ಹಕ್ಕಿ ಬೇಟೆಗೆ ಮೀಸಲಾಗಿತ್ತು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಯುವಕರು ಹೇಫೀಲ್ಡ್‌ನಿಂದ ಹೊರಟು ಬೇಕೆಂದೇ ಅದರ ಮೇಲೆ ನಡೆದರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ಐದು ಜನರಿಗೆ ಜೈಲಾಯಿತು. 1951ರಲ್ಲಿ ಈ ಬೆಟ್ಟಗಳೆಲ್ಲ ಇರುವ ಪೀಕ್ ಡಿಸ್ಟ್ರಿಕ್ಟ್ ಪ್ರದೇಶ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 2000ದ ಕಾನೂನು ಇಂಥ ತೆರೆದ ಬೆಟ್ಟಗಳಲ್ಲಿ ದಾರಿ ಬಿಟ್ಟು ನಡೆಯಲೂ ಹಕ್ಕು ಕೊಟ್ಟಿತು. ಅಲ್ಲಿ ನಡೆಯುವಾಗ ನನಗೆ ಆ ಹುಡುಗರ ನೆನಪು ಬಾರದೆ ಇರುವುದಿಲ್ಲ. ವಾರವೆಲ್ಲ ಕಾರ್ಖಾನೆಯಲ್ಲಿ ದುಡಿದು, ಇರುವ ಒಂದು ಭಾನುವಾರದಲ್ಲಿ ಗಾಳಿ ಕುಡಿಯೋಕೆ ಜೈಲಿಗೆ ಹೋದವರು ಅಲ್ವಾ!

ಕಿಂಡರ್‌ಗೆ ನಾನು ಹೋಗುವುದು ಜೇಕಬ್ಸ್ ಲ್ಯಾಡರ್ ಕಡೆಯಿಂದ. ಎಡೇಲ್‌ನಿಂದ ಸ್ಕಾಟ್ಲೆಂಡಿನವರೆಗೆ 268 ಮೈಲಿ ಹೋಗುವ ಪೆನ್ನೈನ್ ವೇ ಶುರುವಾಗುವುದೂ ಇದೇ ದಾರಿಯಲ್ಲಿ. ಮೇಲೆ ಹೋದರೆ ಚೂಪಾದ ತುದಿ ಇಲ್ಲ, ಅಗಲವಾದ ಬಯಲು. ಕಾಲಡಿ ಪೀಟ್, ಅಂದರೆ ಸಾವಿರಾರು ವರ್ಷಗಳಿಂದ ನೀರಿನಲ್ಲಿ ಅರೆಕೊಳೆತು ಕೂಡಿಬಿದ್ದ ಗಿಡಗಂಟಿಗಳ ಕಪ್ಪು ಪದರ. ಸುತ್ತಲಿನ ಗಿರಣಿ ನಗರಗಳ ಹೊಗೆ, ಆಮ್ಲ ಮಳೆ ಇಲ್ಲಿನ ಸ್ಫ್ಯಾಗ್ನಂ ಪಾಚಿಯನ್ನು ಕೊಂದುಹಾಕಿತ್ತು. ಪಾಚಿ ಹೋದ ಮೇಲೆ ಪೀಟ್ ಬೋಳಾಗಿ ಕೊಚ್ಚಿಹೋಗುತ್ತಿತ್ತು. ಈಗ ಕೊರಕಲುಗಳಿಗೆ ಕಲ್ಲಿನ ಅಡ್ಡಗಟ್ಟು ಹಾಕಿ, ಪಾಚಿಯನ್ನು ಮತ್ತೆ ನೆಡುತ್ತಿದ್ದಾರೆ. ಮುಂಚೆ ಕಪ್ಪಗಿದ್ದ ಜಾಗ ಹಸಿರಾಗುತ್ತಿರುವುದನ್ನು ನಾನೇ ಕಣ್ಣಾರೆ ನೋಡುತ್ತಿದ್ದೇನೆ. ಹಾಕಿರುವ ಕಲ್ಲುಚಪ್ಪಡಿಗಳ ಮೇಲೇ ನಡೆಯಿರಿ, ದಯವಿಟ್ಟು. ಅಂಚಿನಲ್ಲಿ ಕಿಂಡರ್ ಡೌನ್‌ಫಾಲ್ ಜಲಪಾತ ಇದೆ. ಪಶ್ಚಿಮದ ಗಾಳಿ ಜೋರಾಗಿದ್ದರೆ ನೀರು ಕೆಳಗೆ ಬೀಳದೆ ಮೇಲಕ್ಕೆ ಹಾರುತ್ತದೆ.

ಕಿಂಡರ್ ಮೇಲೆ ಮಂಜು ಮುಚ್ಚಿದರೆ ದಿಕ್ಕೇ ತಿಳಿಯುವುದಿಲ್ಲ. ಫೋನ್ ಸಿಗ್ನಲ್ಲನ್ನು ನಂಬಬೇಡಿ. ನಾನು ಆರ್ಡನೆನ್ಸ್ ಸರ್ವೆಯ ಓಎಲ್ 1 ನಕ್ಷೆ, ಒಂದು ದಿಕ್ಸೂಚಿ, ಸೀಟಿ, ತಲೆಗೆ ಕಟ್ಟುವ ದೀಪ ಇಟ್ಟುಕೊಂಡೇ ಹೋಗುತ್ತೇನೆ. ನಕ್ಷೆಯಲ್ಲಿ ಹಸಿರು ಚುಕ್ಕೆಗೆರೆಗಳು ನಡೆಯುವ ಹಕ್ಕಿರುವ ದಾರಿಗಳು. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಏನಾದರೂ ಅನಾಹುತವಾದರೆ 999ಕ್ಕೆ ಫೋನ್ ಮಾಡಿ ಮೊದಲು ಪೊಲೀಸ್ ಕೇಳಬೇಕು, ಆಮೇಲೆ ಮೌಂಟನ್ ರೆಸ್ಕ್ಯೂ, ಅಂದರೆ ಬೆಟ್ಟದ ರಕ್ಷಣಾ ತಂಡ. ಬಟ್ಟೆಯ ವಿಷಯದಲ್ಲಿ ಜೀನ್ಸ್ ಬೇಡವೇ ಬೇಡ, ನೆನೆದರೆ ಒಣಗುವುದಿಲ್ಲ. ಮಳೆಕೋಟು ಜುಲೈನಲ್ಲೂ ಇರಲಿ. ಚಿತ್ರಾನ್ನ, ಚಪಾತಿ ರೋಲ್, ಫ್ಲಾಸ್ಕಿನಲ್ಲಿ ಬಿಸಿ ಕಾಫಿ ನನ್ನ ಬುತ್ತಿ.

ಮಕ್ಕಳಿದ್ದರೆ ಗ್ರಿಂಡಲ್‌ಫೋರ್ಡ್ ಒಳ್ಳೆಯದು. ಸ್ಟೇಷನ್ ಪಕ್ಕದಿಂದಲೇ ಪ್ಯಾಡ್ಲಿ ಕಮರಿ. ಪಾಚಿ ಹಿಡಿದ ಓಕ್ ಮರಗಳು, ಬಂಡೆಗಳ ಮಧ್ಯೆ ಧುಮುಕುವ ಬರ್ಬೇಜ್ ಹಳ್ಳ. ಕಾಡಿನಲ್ಲಿ ಅಲ್ಲಲ್ಲಿ ಕಡೆದು ಬಿಟ್ಟುಹೋದ ಬೀಸುಕಲ್ಲುಗಳು ಬಿದ್ದಿವೆ. ಈ ಉದ್ಯಾನದ ಗುರುತೂ ಬೀಸುಕಲ್ಲೇ. ಆಗಸ್ಟಿನಲ್ಲಿ ಇನ್ನೂ ಮೇಲೆ ಹೋದರೆ ಹೆದರ್ ಗಿಡಗಳ ನೇರಳೆ ಹೂ.

ಅಮ್ಮ ಊರಿಂದ ಬಂದಿದ್ದಾಗ ಮಂಡಿನೋವು, ಏರು ಹತ್ತಿಸೋಕೆ ಆಗುತ್ತಿರಲಿಲ್ಲ. ಅವರಿಗೆ ಸರಿಹೋಗಿದ್ದು ಮಾನ್ಸಲ್ ಟ್ರೇಲ್. 1968ರಲ್ಲಿ ಮುಚ್ಚಿದ ರೈಲು ಹಳಿಯ ಮೇಲೆ ಎಂಟೂವರೆ ಮೈಲಿಯ ಸಮತಟ್ಟು ದಾರಿ. ಗಾಲಿಕುರ್ಚಿಯೂ ಹೋಗುತ್ತದೆ. ಸುರಂಗಗಳನ್ನು 2011ರಲ್ಲಿ ದೀಪ ಹಾಕಿ ತೆರೆದರು. ಶೆಫೀಲ್ಡ್‌ನಿಂದ ಬೇಕ್‌ವೆಲ್‌ಗೆ ಬಸ್ಸಿದೆ. ಅಲ್ಲಿನ ಹಳೆಯ ಸ್ಟೇಷನ್ ಹತ್ತಿರ ದಾರಿ ಹಿಡಿದು, ಸುಸ್ತಾದಲ್ಲಿ ಕೂತು, ಎಷ್ಟು ದೂರ ಆಗುತ್ತೋ ಅಷ್ಟು ಹೋಗಿ ಬಂದೆವು. ಸುರಂಗ ದಾಟಿ ಹೆಡ್‌ಸ್ಟೋನ್ ಸೇತುವೆಯವರೆಗೂ ಹೋಗುವ ಶಕ್ತಿ ಇರುವವರು ಅಲ್ಲಿಂದ ಕೆಳಗೆ ವೈ ನದಿಯನ್ನು ನೋಡಲೇಬೇಕು.

ಟಿಕೆಟಿನ ಒಂದು ವಿಷಯ. ಶೆಫೀಲ್ಡ್‌ನಿಂದ ಹೊರಡುವವರು ಎಡೇಲ್‌ಗೆ ಸಾಮಾನ್ಯ ರಿಟರ್ನ್ ತೆಗೆದುಕೊಂಡರೆ ಸಾಕು. ಹೋಪ್ ಅದೇ ದಾರಿಯಲ್ಲಿ ಇರುವುದರಿಂದ ವಾಪಸ್ ಬರುವಾಗ ಅಲ್ಲಿಂದ ಹತ್ತೋಕೂ ಅದೇ ಟಿಕೆಟ್ ನಡೆಯುತ್ತದೆ. ಹೋಪ್ ಸ್ಟೇಷನ್ ಊರಿನಿಂದ ಸ್ವಲ್ಪ ದೂರ ಇದೆ. ಬೆಟ್ಟದಿಂದ ಇಳಿಯುವಾಗ ಆ ನಡಿಗೆಗೂ ಸಮಯ ಇಟ್ಟುಕೊಳ್ಳಿ.