ಹೂಳೆತ್ತುವ ಮೊದಲು ಊರು ಸೇರಬೇಕು: ಕೆರೆ ಕೆಲಸಕ್ಕೆ ಇಳಿಯುವವರಿಗೆ

ಕೆರೆಯ ಕೆಲಸ ಏಪ್ರಿಲ್‌ನಲ್ಲಿ ಜೆಸಿಬಿ ಬಂದ ದಿನ ಶುರುವಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಶುರುವಾಗಬೇಕಾದದ್ದು ಸಂಕ್ರಾಂತಿಯ ಹೊತ್ತಿಗೆ, ರಾಗಿ ಕಣ ಮುಗಿದು ಮನೆಮಂದಿಗೆ ಒಂದಿಷ್ಟು ಬಿಡುವಾದಾಗ. ನಾನು ಮಧುಗಿರಿ ಕಡೆಯ ರೈತ ಹೆಂಗಸು, ನಮ್ಮೂರ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು. ನಮ್ಮ ಕೆರೆಯಲ್ಲೂ ಅಕ್ಕಪಕ್ಕದ ಊರುಗಳ ಕೆರೆಗಳಲ್ಲೂ ದುಡಿದು ಕಲಿತದ್ದನ್ನು, ತಮ್ಮ ಊರಿನ ಕೆರೆಗೆ ಕೈಹಾಕಬೇಕೆಂದಿರುವವರಿಗಾಗಿ ಬರೆಯುತ್ತಿದ್ದೇನೆ.

ಹವಾಮಾನ ಬದಲಾಗುತ್ತಿದೆ ಎಂಬುದನ್ನು ನಮ್ಮ ಸೀಮೆಯವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. 2021ರ ನವೆಂಬರ್‌ನಲ್ಲಿ, ಮತ್ತೆ 2022ರಲ್ಲಿ, ದಶಕಗಳಿಂದ ತುಂಬದಿದ್ದ ಎಷ್ಟೋ ಕೆರೆಗಳು ತುಂಬಿ, ಹೆಚ್ಚಾದ ನೀರು ಹೊರಗೆ ಹರಿಯುವ ಕೋಡಿ ಬಿದ್ದವು. ಅದರ ಮರುವರ್ಷವೇ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಬಂದರೆ ಒಂದೇ ಸಲ ಸುರಿಯುವ, ಬಾರದಿದ್ದರೆ ಪೂರ್ತಿ ಕೈಕೊಡುವ ಇಂಥ ಮಳೆಗೆ ಬಯಲುಸೀಮೆಯಲ್ಲಿ ನಮ್ಮ ಹಿರಿಯರು ಕಟ್ಟಿಟ್ಟ ಉತ್ತರವೇ ಕೆರೆ. ಹೂಳು ತುಂಬಿದ ಕೆರೆ ನೆರೆಯ ನೀರನ್ನು ಹಿಡಿಯುವುದಿಲ್ಲ, ಬರದಲ್ಲಿ ನೀರನ್ನು ಕೊಡುವುದೂ ಇಲ್ಲ.

ಮೊದಲ ಕೆಲಸ, ಕೆರೆ ಯಾರಿಗೆಲ್ಲ ಬೇಕು ಎಂದು ಪಟ್ಟಿ ಮಾಡುವುದು. ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆಯ ನೀರು ಹಾಯುವ ಜಮೀನಿನಲ್ಲಿ, ಗದ್ದೆ ಇರುವವರನ್ನು ಮಾತ್ರ ಕರೆದು ಸಂಘ ಕಟ್ಟುವುದು ಹಳೆಯ ರೂಢಿ. ಅದು ಸಾಲದು. ಕೆರೆಯ ನೀರು ಬಿಡುವ ಬಾಗಿಲಾದ ತೂಬಿನಿಂದ ಗದ್ದೆಗೆ ನೀರು ಹರಿದು ವರ್ಷಗಳೇ ಆಗಿರುವ ಊರುಗಳಲ್ಲಿ ಕೆರೆಯಿಂದ ಹೆಚ್ಚು ಲಾಭ ಪಡೆಯುವವರು ಕೊಳವೆಬಾವಿ ಇರುವವರು. ಕೆರೆಯಲ್ಲಿ ನೀರು ನಿಂತರೆ ಕೆಳಗಿನ ತೋಟಗಳ ಬೋರ್‌ವೆಲ್‌ಗಳಲ್ಲಿ ನೀರು ಏರುತ್ತದೆ. ಅಡಿಕೆ, ತೆಂಗು ಉಳಿಯುತ್ತವೆ. ಅವರನ್ನು ಮೊದಲು ಒಪ್ಪಿಸಿ. ಆಮೇಲೆ ಕುರಿ, ದನ ನೀರಿಗಿಳಿಸುವವರು, ಬಟ್ಟೆ ಒಗೆಯುವವರು, ಮೀನು ಹಿಡಿಯುವ ಗುತ್ತಿಗೆ ಪಡೆದವರು, ಕೆರೆಯಂಗಳದಲ್ಲಿ ಹುಲ್ಲು ಕೊಯ್ಯುವ ಹೆಂಗಸರು. ಜಮೀನೇ ಇಲ್ಲದ ಮನೆಗೂ ಕೆರೆಯಲ್ಲಿ ಪಾಲಿದೆ. ಆ ಮನೆಯವರು ಸಭೆಗೆ ಬಾರದಿದ್ದರೆ, ಊರು ಸೇರಿದೆ ಎಂದು ಯಾರೂ ಹೇಳಬಾರದು.

ಅದಕ್ಕೇ ಸಭೆ ಸೇರುವ ಜಾಗದ ಮಾತನ್ನು ಒತ್ತಿ ಹೇಳುತ್ತೇನೆ. ಗುಡಿಯ ಜಗಲಿಯಲ್ಲಿ ಕರೆದ ಸಭೆಗೆ ಎಲ್ಲ ಕೇರಿಯವರೂ ಬಂದು ಸಮನಾಗಿ ಕೂರುವುದಿಲ್ಲ. ಯಾರಾದರೊಬ್ಬರ ಮನೆಯಂಗಳದಲ್ಲಿ ಕರೆದರೆ ಅದು ಆ ಮನೆಯವರ ಸಭೆಯಾಗುತ್ತದೆ. ಶಾಲೆಯ ಮೈದಾನ ಒಳ್ಳೆಯದು, ಕೆರೆಯ ಏರಿ ಇನ್ನೂ ಒಳ್ಳೆಯದು. ಹೆಂಗಸರು ಬರಬೇಕೆಂದರೆ ಸಂಜೆ ಹಾಲು ಕರೆಯುವ ಹೊತ್ತನ್ನು ಬಿಟ್ಟು ಸಮಯ ಇಡಿ. ಟಾಂ ಟಾಂ ಹೊಡೆಸಿದರೆ ಸಾಲದು, ವಾಟ್ಸ್ಆ್ಯಪ್ ಗುಂಪು ಅದಕ್ಕಿಂತಲೂ ಸಾಲದು; ಮನೆಮನೆಗೆ ಹೋಗಿ ಕರೆಯಬೇಕು. "ಅಕ್ಕಾ, ನೀನು ಬಂದು ನಿನ್ನ ಕುರಿಗೆ ಎಲ್ಲಿ ಇಳಿಜಾರು ಬೇಕು ಅಂತ ನೀನೇ ಹೇಳು" ಎಂದು ಕರೆದರೆ ಬರುತ್ತಾರೆ. "ಸಭೆ ಇದೆ" ಎಂದಷ್ಟೇ ಹೇಳಿದರೆ ಯಾರು ಬಂದಾರು?

ಮೊದಲ ಸಭೆಯಲ್ಲಿ ಹಣದ ಮಾತು ಬೇಡ. ಎಲ್ಲರೂ ಸೇರಿ ಕೆರೆಯನ್ನು ನೋಡಲು ಒಂದು ದಿನ ಗೊತ್ತುಮಾಡಿ, ಅಷ್ಟು ಸಾಕು. ನೋಡುವುದೆಂದರೆ ಏರಿಯ ಮೇಲೆ ನಿಂತು ನೋಡುವುದಲ್ಲ. ನೀರು ಎಲ್ಲಿಂದ ಬರುತ್ತದೋ ಆ ಗುಡ್ಡದ ಬುಡದಿಂದ ನಡೆಯಲು ಶುರುಮಾಡಿ. ಹಿಂದೆ ಕೆರೆಯ ನೀರು ಬಿಡುವ, ಹಂಚುವ ನೀರಗಂಟಿಯಾಗಿದ್ದವರು, ಇಲ್ಲವೇ ಅವರ ಮನೆಯ ಹಿರಿಯರು ಇದ್ದರೆ ಅವರನ್ನು ಮುಂದೆ ಬಿಟ್ಟುಕೊಂಡು ಹೋಗಿ. ಯಾವ ಕಾಲುವೆ ಎಲ್ಲಿ ತಿರುಗುತ್ತಿತ್ತು, ಯಾವ ಹಳ್ಳದ ನೀರು ಯಾವ ಮಳೆಗೆ ಬರುತ್ತಿತ್ತು ಎಂಬುದು ಯಾವ ಕಚೇರಿಯ ಕಡತದಲ್ಲೂ ಇಲ್ಲ, ಅವರ ನೆನಪಿನಲ್ಲಿದೆ. ಶಾಲೆಯ ಮಕ್ಕಳಿಂದ ಅದನ್ನು ಬರೆಸಿಕೊಳ್ಳಿ. ಕೆರೆಗೆ ನೀರು ತರುವ ರಾಜಕಾಲುವೆ ಮುಚ್ಚಿಹೋದದ್ದು, ರಸ್ತೆ ಮಾಡುವಾಗ ನೀರು ಹಾಯಲು ಮೋರಿ ಇಡದೆ ಹೋದದ್ದು, ಮೇಲೆ ನೀಲಗಿರಿ ತೋಪು ಎದ್ದದ್ದು, ಸೀಮೆಜಾಲಿ ಕೆರೆಯಂಗಳಕ್ಕೆ ನುಗ್ಗಿದ್ದು ಎಲ್ಲವೂ ಆ ನಡಿಗೆಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಇದು ಎಷ್ಟೋ ರೈತರಿಗೆ ಗೊತ್ತಿಲ್ಲ, ತಿಳಿಸಿ. ನನ್ನ ಅನುಭವದಲ್ಲಿ ಮುಚ್ಚಿದ ಕಾಲುವೆಯನ್ನು ಬಿಡಿಸುವುದು ಹೂಳೆತ್ತುವುದಕ್ಕಿಂತ ಅಗ್ಗ, ಫಲ ಹೆಚ್ಚು. ನೀರು ಬರುವ ದಾರಿಯನ್ನೇ ತೆರೆಯದೆ ಹೊಂಡ ತೋಡಿ ಏನು ಪ್ರಯೋಜನ?

ಒತ್ತುವರಿಯ ಮಾತು ಬಂದೇ ಬರುತ್ತದೆ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು, ಭೂಮಾಪಕರಿಂದ ಕೆರೆಯ ಮತ್ತು ಕಾಲುವೆಯ ಗಡಿ ಅಳೆಸಿ, ಕಲ್ಲು ನೆಡಿಸಿ. ಅಳತೆಯ ದಿನ ಊರವರೆಲ್ಲ ಅಲ್ಲಿರಬೇಕು. ತೆರವು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಊರು ಗಮನಿಸುತ್ತದೆ. ಅರ್ಧ ಎಕರೆಯಲ್ಲಿ ಅವರೆ ಬಿತ್ತಿಕೊಂಡ ಬಡ ಹೆಂಗಸಿನ ಬದುವನ್ನು ಮೊದಲು ಕಿತ್ತು, ದೊಡ್ಡವರ ತೋಟದ ಬೇಲಿಯನ್ನು "ಆಮೇಲೆ ನೋಡೋಣ" ಎಂದು ಬಿಟ್ಟರೆ ಸಂಘ ಅಂದೇ ಮುರಿಯುತ್ತದೆ. ದೊಡ್ಡ ಬೇಲಿಯಿಂದಲೇ ಶುರುಮಾಡಿ. ಮಾತಿನಿಂದ ಆಗುವುದಾದರೆ ಮಾತು, ಇಲ್ಲವಾದರೆ ಕಾನೂನಿನ ದಾರಿ. ಜಗಳಕ್ಕೆ ಮಾತ್ರ ಹೋಗಬೇಡಿ.

ಕಾಗದಪತ್ರದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟು ಇರುವ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯವು, ಅದಕ್ಕಿಂತ ಚಿಕ್ಕವು ಪಂಚಾಯತಿಗೆ ಸೇರಿದವು. ನಿಮ್ಮದು ಯಾವುದೆಂದು ಪಂಚಾಯತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಗ್ರಾಮಸಭೆಯಲ್ಲಿ ವಿಷಯವಿಟ್ಟು ನಿರ್ಣಯ ಬರೆಸಿ, ಅದರ ಪ್ರತಿ ಪಡೆಯಿರಿ. ಉದ್ಯೋಗ ಖಾತರಿಯಲ್ಲಿ ಕಾಲುವೆ ಕೆಲಸ ಮಾಡಿಸಬೇಕೆಂದರೆ ಅದು ಪಂಚಾಯತಿಯ ಕ್ರಿಯಾಯೋಜನೆಗೆ ಸೇರಿರಬೇಕು, ಆದ್ದರಿಂದ ಆ ಯೋಜನೆ ಸಿದ್ಧವಾಗುವ ಮುಂಚೆಯೇ ಅರ್ಜಿ ಕೊಡಿ. ಲಿಖಿತ ಅನುಮತಿ ಕೈಗೆ ಬರುವ ತನಕ ಒಂದು ಬಾಂಡ್ಲಿ ಮಣ್ಣನ್ನೂ ಎತ್ತಬೇಡಿ.

ಇನ್ನು ಲೆಕ್ಕ. ಒಂದು ಎಕರೆಯಲ್ಲಿ ಒಂದು ಅಡಿ ಹೂಳು ತೆಗೆದರೆ ಸುಮಾರು 1,230 ಘನ ಮೀಟರ್ ಮಣ್ಣು ಹೊರಬರುತ್ತದೆ. ಅಷ್ಟೇ ಜಾಗದಲ್ಲಿ 12 ಲಕ್ಷ ಲೀಟರಿಗೂ ಹೆಚ್ಚು ನೀರು ನಿಲ್ಲುತ್ತದೆ. ಟ್ರ್ಯಾಕ್ಟರ್ ಟ್ರೈಲರ್ ಒಂದು ಸಲಕ್ಕೆ ಸುಮಾರು 3 ಘನ ಮೀಟರ್ ಒಯ್ದರೆ, ಎಕರೆಗೆ 400ಕ್ಕೂ ಮಿಕ್ಕಿ ಲೋಡು. 20 ಎಕರೆ ಎಂದರೆ 8,000 ಲೋಡು! ಈ ಅಂಕಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ಮಣ್ಣು ಹೋಗುವುದೆಲ್ಲಿಗೆ ಎಂಬುದೇ ಕೆರೆ ಕೆಲಸದ ಅರ್ಧ ಭಾಗ ಎಂದು ಆಗ ಎಲ್ಲರಿಗೂ ಅರ್ಥವಾಗುತ್ತದೆ. ಅಗೆಯುವ ಯಂತ್ರದ ಖರ್ಚನ್ನು ಸಂಘ ಹೊತ್ತು, ಸಾಗಣೆಯ ಖರ್ಚನ್ನು ಗೋಡುಮಣ್ಣು, ಅಂದರೆ ಕೆರೆಯ ಹೂಳುಮಣ್ಣು, ಬೇಕಾದ ರೈತರೇ ಹೊರುವ ಪದ್ಧತಿ ಚೆನ್ನಾಗಿ ನಡೆಯುತ್ತದೆ. ನಮ್ಮ ಕೆಂಪು, ಮರಳು ನೆಲಕ್ಕೆ ಗೋಡು ಹೊಡೆದರೆ ತೇವ ನಿಲ್ಲುತ್ತದೆ, ರಾಗಿ, ಕಡಲೆಕಾಯಿ ಚೇತರಿಸಿಕೊಳ್ಳುತ್ತವೆ. ಕೆರೆಗೆ ಊರ ಚರಂಡಿ ಅಥವಾ ಕಾರ್ಖಾನೆಯ ನೀರು ಸೇರುತ್ತಿದ್ದರೆ ಮಾತ್ರ ಮಣ್ಣನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬೇಡಿ.

ಟ್ರ್ಯಾಕ್ಟರ್ ಇಲ್ಲದ ಸಣ್ಣ ರೈತರಿಗೆ ಮೊದಲ ವಾರದ ಲೋಡುಗಳನ್ನು ಮೀಸಲಿಡಿ ಎಂದು ನಾನು ಹಟ ಹಿಡಿದು ಹೇಳುತ್ತೇನೆ. ಇಲ್ಲದಿದ್ದರೆ ಒಳ್ಳೆಯ ಗೋಡೆಲ್ಲ ಇದ್ದವರ ತೋಟಕ್ಕೆ ಹೋಗಿ, ಉಳಿದವರಿಗೆ ಜಲ್ಲಿಮಣ್ಣು ಸಿಗುತ್ತದೆ. ಇಟ್ಟಿಗೆ ಗೂಡಿನವರು ಒಳ್ಳೆಯ ದುಡ್ಡು ಕೊಡುತ್ತೇವೆಂದು ಬಂದೇ ಬರುತ್ತಾರೆ. ಒಪ್ಪಬೇಡಿ, ಅವರು ಬೇಕಾದ ಕಡೆ ಆಳಕ್ಕೆ ತೋಡಿ, ಮಕ್ಕಳು ಮುಳುಗುವಂಥ ಗುಂಡಿ ಬಿಟ್ಟು ಹೋಗುತ್ತಾರೆ.

ವಂತಿಗೆಯನ್ನು ಮನೆಗಿಷ್ಟು ಎಂದು ಸಮನಾಗಿ ಎತ್ತುವುದು ನ್ಯಾಯವಲ್ಲ. ಕೊಳವೆಬಾವಿ ಇರುವವರಿಂದ ಹೆಚ್ಚು, ಅಚ್ಚುಕಟ್ಟಿನವರಿಂದ ಎಕರೆ ಲೆಕ್ಕದಲ್ಲಿ, ಜಮೀನಿಲ್ಲದವರಿಂದ ಹಣವಿಲ್ಲ. ಅವರು ಕೆಲಸ ಮಾಡಿದರೆ ಕೂಲಿ ಕೊಡಬೇಕು. ಬ್ಯಾಂಕ್ ಖಾತೆ ಇಬ್ಬರ ಸಹಿಯಲ್ಲಿರಲಿ, ಒಬ್ಬರು ಹೆಂಗಸಾಗಿರಲಿ. ಯಂತ್ರ ಓಡಿದ ಗಂಟೆ, ಡೀಸೆಲ್, ಲೋಡಿನ ಸಂಖ್ಯೆ, ಯಾರ ಹೊಲಕ್ಕೆ ಹೋಯಿತು ಎಂಬುದನ್ನು ದಿನವೂ ಬರೆದು, ಸಂಜೆ ಹಾಲಿನ ಡೈರಿಯ ಗೋಡೆಗೆ ಅಂಟಿಸಿ. ಎರಡೂ ಹೊತ್ತು ಊರೆಲ್ಲ ಸೇರುವ ಜಾಗ ಅದು. ಗೋಡೆಯ ಮೇಲೆ ಲೆಕ್ಕ ಇದ್ದ ಕಡೆ ಗುಸುಗುಸು ಹುಟ್ಟುವುದಿಲ್ಲ, ಹುಟ್ಟಿದರೂ ಒಂದು ದಿನಕ್ಕಿಂತ ಬಾಳುವುದಿಲ್ಲ.

ಅಗೆಯುವಾಗ ನೆನಪಿಡಬೇಕಾದವು ಕೆಲವು. ಏರಿಯ ಬುಡಕ್ಕೆ ಯಂತ್ರ ಹೋಗಬಾರದು. ಎಷ್ಟು ದೂರ ಬಿಡಬೇಕೆಂದು ಎಂಜಿನಿಯರ್ ಬಂದು ಸುಣ್ಣದ ಗೆರೆ ಎಳೆದುಕೊಡಲಿ. ಹೂಳಿನ ಬಣ್ಣ ಬದಲಾಗಿ ಗಟ್ಟಿ ನೆಲ ಸಿಕ್ಕಿದ ಮೇಲೆ ಇನ್ನೂ ತೋಡುವುದು ಬೇಡ. ಎಲ್ಲೆಲ್ಲೋ ಗುಂಡಿ ಮಾಡದೆ, ತೂಬಿನ ಕಡೆಗೆ ಇಳಿಜಾರಾಗುವಂತೆ ಹದವಾಗಿ ತೆಗೆಯಿರಿ. ದನಕರು, ಕುರಿ ಇಳಿಯಲು ಒಂದು ಬದಿಯಲ್ಲಿ ಸಲೀಸಾದ ದಾರಿ ಇರಲಿ. ಹಕ್ಕಿಗಳು ಕೂರುವ ಜೊಂಡನ್ನು ಒಂದು ಮೂಲೆಯಲ್ಲಾದರೂ ಹಾಗೇ ಬಿಡಿ. ಹೆಚ್ಚು ನೀರು ನಿಲ್ಲಲಿ ಎಂದು ಯಾರೇ ಹೇಳಿದರೂ ಕೋಡಿಯ ಮೇಲೆ ಮರಳುಮೂಟೆ ಪೇರಿಸಬೇಡಿ, ಏರಿ ಒಡೆದರೆ ಕೆಳಗಿನ ಊರಿನ ಗತಿ ಏನು?

ಏಪ್ರಿಲ್ ಕೊನೆಗೆ ಶುರುವಾಗುವ ಭರಣಿ ಮಳೆ ಬೀಳುವುದರೊಳಗೆ ಯಂತ್ರ ಮೇಲೆ ಬಂದಿರಬೇಕು. ಆಮೇಲೆ ಮೊದಲ ದೊಡ್ಡ ಮಳೆಯ ದಿನ, ಮಳೆ ಸುರಿಯುತ್ತಿರುವಾಗಲೇ, ನಾಲ್ಕೈದು ಜನ ಗುದ್ದಲಿ ಹಿಡಿದು ಕಾಲುವೆಯುದ್ದಕ್ಕೂ ನಡೆಯಿರಿ. ನೀರು ಎಲ್ಲಿ ತಡೆಯುತ್ತಿದೆ, ಎಲ್ಲಿ ದಾರಿ ತಪ್ಪುತ್ತಿದೆ ಎಂಬುದು ಬಿಸಿಲಿನಲ್ಲಿ ಕಾಣುವುದಿಲ್ಲ.

ನಮ್ಮ ಕಡೆ ಕೆರೆ ತುಂಬುವುದು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿನ ಹಸ್ತ, ಚಿತ್ತೆ ಮಳೆಗೆ. ಬಾಗಿನ ಬಿಡುವ ದಿನ ಊರೆಲ್ಲ ಏರಿಯ ಮೇಲಿರುತ್ತದೆ. ಗಂಗಮ್ಮನ ಪೂಜೆ ಮುಗಿದ ಕೂಡಲೇ, ಊಟಕ್ಕೆ ಮೊದಲು, ವರ್ಷದ ಜಮಾಖರ್ಚನ್ನು ಓದಿ. ಕೆರೆಗೆ ನೇರವಾಗಿ ಮೋಟಾರ್ ಇಟ್ಟು ನೀರೆತ್ತುವಂತಿಲ್ಲ, ಇಷ್ಟು ಮಟ್ಟಕ್ಕೆ ನೀರು ಇಳಿದ ಮೇಲೆ ತೂಬು ಎತ್ತುವಂತಿಲ್ಲ, ಉಳಿದದ್ದು ದನಕರುಗಳಿಗೆ ಎಂಬ ಕಟ್ಟುಪಾಡುಗಳಿಗೆ ಅಲ್ಲೇ ಒಪ್ಪಿಗೆ ಪಡೆಯಿರಿ. ಕೆರೆ ತುಂಬಿದ ಸಂತೋಷದಲ್ಲಿ ಒಪ್ಪುವಷ್ಟು ಸುಲಭವಾಗಿ ಬೇಸಿಗೆಯಲ್ಲಿ ಯಾರೂ ಒಪ್ಪುವುದಿಲ್ಲ. ತೂಬಿನ ಹೊಣೆಯನ್ನು ಒಬ್ಬರಿಗೆ ವಹಿಸಿ, ಅವರಿಗೆ ಸುಗ್ಗಿಯಲ್ಲಿ ಎಕರೆಗಿಷ್ಟು ಸೇರು ರಾಗಿಯೋ ಭತ್ತವೋ, ಇಲ್ಲವೇ ತಿಂಗಳಿಗಿಷ್ಟು ಹಣವೋ ಎಂದು ಗೊತ್ತುಮಾಡಿ ಪುಸ್ತಕದಲ್ಲಿ ಬರೆಯಿರಿ. ಸಂಬಳವಿಲ್ಲದ ನೀರಗಂಟಿ ಎರಡನೆಯ ವರ್ಷ ಬರುವುದಿಲ್ಲ.